ಮುಳ್ಳಿಲ್ಲದ ಗಿಡದ ಮುಳ್ಳು

ರೋಹಿಣಿಯ ಹಿತ್ತಲಲ್ಲಿ ಬೆಳಿಗ್ಗೆಯೇ ಜಗಳ. ಅವಳ ಮುಳ್ಳಿಲ್ಲದ ಬ್ಲ್ಯಾಕ್‌ಬೆರಿ ಹಣ್ಣಿನ ಗಿಡದ ಬಳಿ ನಾಲ್ಕು ಹೊಸ ಚಿಗುರು ಎದ್ದಿದ್ದವು. ನಾಲ್ಕಕ್ಕೂ ಮೈತುಂಬ ಮುಳ್ಳು.

“ಮೋಸದ ಸಸಿ ಕೊಟ್ಟೀರಿ,” ಎಂದಳು ರೋಹಿಣಿ.

ಕಲಘಟಗಿ ಸಂತೆಯಲ್ಲಿ ಸಸಿ ಮಾರುವ ಮಹಬೂಬಸಾಬ ಬೆವರೊರೆಸಿಕೊಂಡ. “ಮೂರು ವರ್ಷ ಮುಳ್ಳಿಲ್ದ ಬೆಳದೈತ್ರಿ. ಈ ಮಾತು ಸಂತಿಗೆ ಹೋದ್ರ ನನ್ನ ಸಸಿ ಯಾರೂ ಮುಟ್ಟೂದಿಲ್ಲ.”

ತೋಟಗಾರಿಕೆ ಇಲಾಖೆಯ ಸಹಾಯಕಿ ಶಿವಾನಿಯನ್ನು ಕರೆತಂದವನು ಅವನೇ. ಈ ಸೆಕೆಯಲ್ಲಿ ನೆರಳುಪರದೆ ಕಟ್ಟಿ ರೋಹಿಣಿ ಹಣ್ಣು ಬಿಡಿಸಿದ್ದು ಓಣಿಗೆಲ್ಲ ಗೊತ್ತು. ಅವಳೇ ಹೇಳಿಕೊಂಡು ತಿರುಗಿದ್ದಳು.

ಗೋಡೆಯಾಚೆಯಿಂದ ರೋಹಿಣಿಯ ಮೈದುನನ ಹೆಂಡತಿ ಸುನಿತಾ ಇಣುಕಿದಳು. “ಬಾಳ ಮೆರದ್ರ ಹಿಂಗ ಆಗತೈತಿ.”

“ನೀವು ಹಣ್ಣು ತಿಂದೀರೇನ್ರಿ?” ಶಿವಾನಿ ಕೇಳಿದಳು.

“ಫೋಟೋ ತೋರಿಸ್ಯಾಳ.”

“ಹಚ್ಚಾಕ ಒಂದು ಟೊಂಗಿ ಕೇಳಬೇಕಿತ್ತು—”

“ಕೇಳಿದ್ದೆ. ಗಿಡಕ್ಕ ದೃಷ್ಟಿ ಆಗತೈತಂತ.”

ಶಿವಾನಿ ಕುಳಿತು ಮಣ್ಣು ಕೆದರಿದಳು. ನಾಲ್ಕೂ ಚಿಗುರು ಗೋಡೆಯ ಬದಿಗೇ ಇದ್ದವು. ಎದ್ದು ಗೋಡೆಯಾಚೆ ಸುನಿತಾಳ ಹಿತ್ತಲು ನೋಡಿದಳು.

“ನಿಮ್ಮ ಕರಿಬೇವು ಅಗದಿ ಚಲೋ ಬಂದೈತಿ. ಕೊಂಡದ್ದೇನ್ರಿ?”

“ಕೊಳ್ಳೂದ್ಯಾಕ? ತವರುಮನಿ ಗಿಡದ ಬೇರು ಕಡದು ತಂದು ಹಚ್ಚೀನಿ.”

“ಹೌದಾ,” ಎಂದಳು ಶಿವಾನಿ. ರೋಹಿಣಿಯತ್ತ ತಿರುಗಿದಳು. “ಸಾಬರು ಮೋಸ ಮಾಡಿಲ್ಲ. ಈ ತಳಿಗೆ ಮೇಲಿನ ಟೊಂಗಿಗಷ್ಟೇ ಮುಳ್ಳಿಲ್ಲ, ಬೇರಿನಾಗ ಮುಳ್ಳಿನ ಗುಣ ಇರತೈತಿ. ಬೇರಿಗೆ ಪೆಟ್ಟು ಬಿದ್ರ, ಅಲ್ಲಿಂದ ಬರೂ ಚಿಗುರಿಗೆ ಮುಳ್ಳು ಬರತಾವ. ಇಲ್ಲಿ ನೋಡ್ರಿ— ಯಾರೋ ಬೇರು ಕಡದು ಒಯ್ದಾರ.”

“ಯಾರು?”

“ಸಸಿ ಮಾರೂ ಮನಿಷ್ಯಾ ಆಗಿದ್ರ ಟೊಂಗಿ ಒಯ್ತಿದ್ದ. ಬೇರಿಂದ ಮುಳ್ಳು ಬರತಾವಂತ ಅವಗ ಗೊತ್ತು. ಒಯ್ದವರು ಇದೂ ಕರಿಬೇವಿನಂಗ ಬೇರು ಹಚ್ಚಿದ್ರ ಹಂಗ ಬರತೈತಿ ಅಂತ ತಿಳದಾರ. ಸುನಿತಾ ಅವರ, ನಿಮ್ಮ ಹಿತ್ತಲ ನೋಡೂಣೇನ್ರಿ?”

ಸುನಿತಾ ಗೀರುಬಿದ್ದ ಕೈಯನ್ನು ಸೆರಗಿನಡಿ ಸರಿಸಿದಳು. ಆಮೇಲೆ ತಾನೇ ಹೋಗಿ ಎಣ್ಣೆ ಡಬ್ಬಿಯೊಂದನ್ನು ತಂದು ಗೋಡೆಯ ಮೇಲಿಟ್ಟಳು. ಅದರಲ್ಲಿ ಎರಡು ಗಿಡ. ಮುಳ್ಳೇ ಮುಳ್ಳು.

“ಮುಳ್ಳು ಬರೂಹಂಗ ಈಕಿನ ಏನೋ ಮಾಟ ಮಾಡಿಸ್ಯಾಳಂತ ತಿಳದಿದ್ದೆ,” ಎಂದಳು.

“ಕಳ್ಳಿ,” ಎಂದಳು ರೋಹಿಣಿ. ಮಹಬೂಬಸಾಬನ ಮುಖ ನೋಡದೆ, “ತಪ್ಪಾತ್ರಿ,” ಎಂದಳು.

“ಇಲ್ಲಿ ಬ್ಯಾಡ್ರಿ. ಸಂತ್ಯಾಗ ಬಂದು ಹೇಳ್ರಿ,” ಎಂದ ಅವನು.

ಸುನಿತಾ ಡಬ್ಬಿಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು. “ಶಿವಾನಿ ಬಾಯಾರ, ಈ ಮುಳ್ಳಿನ ಗಿಡಾನೂ ಹಣ್ಣ ಬಿಡತೈತೇನ್ರಿ?”

“ಬಿಡತೈತಿ.”

“ಆಕಿದಕ್ಕಿಂತ ಜಾಸ್ತಿ?”