ಮಿಯಾಪುರದ ಕಂಬ

ನಿತ್ಯ ಅರ್ಘ್ಯ ಬಿಡುವ ಇದೇ ಕೈಯಿಂದ, ಅನ್ಯರು ಬರೆದ ನಕ್ಷೆಗಳಿಗೆ ಸಹಿ ಹಾಕಿ ಮೊಹರೊತ್ತಿ ಕೊಡುತ್ತಿದ್ದೆನೆಂದು ಹೇಳಲು ನಾಚಿಕೆಯಾಗುತ್ತದೆ. ಹೈದರಾಬಾದಿಗೆ ಐ.ಟಿ. ಕಂಪನಿಗಳು ಮುಗಿಬಿದ್ದ ಕಾಲವದು. ನಾನು ನೋಂದಾಯಿತ ವಾಸ್ತುಶಿಲ್ಪಿ. ಮಿಯಾಪುರದ ಒಂದು ಅಪಾರ್ಟ್‌ಮೆಂಟನ್ನು ಖುದ್ದು ನಿಂತು ಕಟ್ಟಿಸುತ್ತಿರುವೆನೆಂದು ಬರೆದುಕೊಟ್ಟವನು, ಅಲ್ಲಿಗೆ ಮೊದಲು ಕಾಲಿಟ್ಟದ್ದು ಕಟ್ಟಡ ಮುಗಿದ ಮೇಲೆ, ಕಡೆಯ ಸಹಿಗಾಗಿ, ಒಂದು ಮಧ್ಯಾಹ್ನ.

ಪಾರ್ಕಿಂಗ್ ಜಾಗ ಗುಡಿಸುತ್ತಿದ್ದ ಯಾದಗಿರಿಯ ಬಂಡೆಮ್ಮ ನನ್ನನ್ನು ಕಂಡು ನಕ್ಕಳು. "ಇವತ್ತರ ಚಪ್ಪಲಿ ಹಾಕ್ಕೊಂಡು ಬಂದೀರಲ್ರಿ, ಸಾಹೇಬ್ರ!"

"ನಾನು ಇಲ್ಲಿಗೆ ಬಂದೇ ಇಲ್ಲವಮ್ಮ."

"ಚಾಷ್ಟಿ ಬ್ಯಾಡ್ರಿ. ದಿನಾ ಬರಿಗಾಲಾಗ ಬಂದು ಈ ಕಂಬ ತಬ್ಕೊಂಡು ನಿಂದ್ರತೀರಿ. ಬಿಡ್ರಿ ಅಂದ್ರ, 'ಬಿಟ್ರ ಬೀಳ್ತದ' ಅಂತೀರಿ."

ಆ ಕಂಬ ನಕ್ಷೆಯಲ್ಲಿದ್ದುದಕ್ಕಿಂತ ನಾಲ್ಕು ಬೆರಳು ತೆಳುವಾಗಿತ್ತು. ಮುಟ್ಟಿದೆ. ವೈಶಾಖದ ಬಿಸಿಲಿನಲ್ಲೂ ಮಂಜಿನಂತೆ ತಣ್ಣಗಿತ್ತು; ಎದೆಯೆತ್ತರದಲ್ಲಿ ಎರಡು ಅಂಗೈಯಷ್ಟು ಜಾಗ ಮಾತ್ರ ಮನುಷ್ಯನ ಮೈಯಂತೆ ಬೆಚ್ಚಗಿತ್ತು.

ನಲವತ್ತು ಸಂಸಾರಗಳು ಹಾಲುಕ್ಕಿಸಲು ಕಾದಿದ್ದವು. ಬಿಲ್ಡರ್ ಪೆನ್ನು ಚಾಚಿದ. ಕಟ್ಟಡ ಸುಭದ್ರವೆಂದು ತಲೆ ತಗ್ಗಿಸಿ ಸಹಿ ಹಾಕಿದೆ.

ಗೇಟಿನ ಬಳಿ ತಿರುಗಿ ನೋಡಿದೆ. ಬಂಡೆಮ್ಮ ಆ ಕಂಬದ ಮುಂದೆ ಚಹಾದ ಲೋಟ ಹಿಡಿದು ನಿಂತು, "ಎಷ್ಟೊತ್ತು ಹಿಂಗ ನಿಂದ್ರತೀರಿ, ಒಂದು ಗುಟುಕರ ಕುಡೀರಿ ಸಾಹೇಬ್ರ," ಎನ್ನುತ್ತಿದ್ದಳು.