ಲತೀಫ್ ಅಂದದ್ದು ಹೌದೋ, ಇಲ್ಲವೋ

2024ರ ಮಾರ್ಚ್ 11, ಬೆಳಿಗ್ಗೆ 9.20. ಸ್ವೀಡನ್ನಿನ ಸ್ಯಾಂಡ್‌ವಿಕೆನ್ ಊರಿನ ಪೊಲೀಸ್ ಠಾಣೆಗೆ ದೂರು ಬಂತು. ಅಮೆರಿಕದ ಮಿಲ್ವಾಕಿ ನಗರದ ಕಂಪನಿಯೊಂದು ಇಲ್ಲಿನ ತನ್ನ ಕಾರ್ಖಾನೆಯಿಂದ ತೈವಾನಿಗೆ ಕಳಿಸಿದ್ದ ಉಕ್ಕಿನ ಸರಳು ಮುರಿದು, ಅಲ್ಲೊಬ್ಬ ಕೆಲಸಗಾರನ ಕೈ ಹೋಗಿತ್ತು. ಸರಳು ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ದಾಖಲಾಗಿದ್ದುದು ದಾವಣಗೆರೆಯ ಎಂಜಿನಿಯರ್ ಲತೀಫನ ಹೆಸರಿನಲ್ಲಿ. ಆರೋಪ ನಿಂತರೆ ಕೆಲಸದ ಪರವಾನಗಿ ರದ್ದು. ಹೆಂಡತಿ, ಮಗಳೊಂದಿಗೆ ದೇಶ ಬಿಡಬೇಕು.

ತನಿಖಾಧಿಕಾರಿ ಇರಾ ಹುಟ್ಟಿ ಬೆಳೆದದ್ದು ಸ್ವೀಡನ್ನಿನಲ್ಲೇ. ಕನ್ನಡ ಮನೆಯಿಂದ ಬಂದದ್ದು.

“ಪಾಸ್ ಮಾಡಿದ್ದು ನೀವೇನಾ?”

“ಇಲ್ಲ ಮೇಡಂ. ಸ್ಯಾಂಪಲ್ ಕ್ರ್ಯಾಕ್ ಆಗಿತ್ತು. ಆಗಲ್ಲ ಅಂದೆ.”

“ಯಾರಿಗೆ?”

“ಮ್ಯಾನೇಜರ್ ಸ್ಟೆಲ್ಲನ್‌ಗೆ. ಅವ್ರು ಮಿಲ್ವಾಕಿ ಜೊತೆ ಆನ್‌ಲೈನ್ ಮೀಟಿಂಗ್‌ನಲ್ಲಿದ್ರು. ನಾನು ಮಗಳನ್ನ ದಾಗಿಸ್‌ನಿಂದ, ಅದೇ ಶಿಶುವಿಹಾರದಿಂದ, ಕರ್ಕೊಂಡ್ಬರೋಕೆ ಹೊರಟಿದ್ದೆ. ಬಾಗಿಲಲ್ಲೇ ಹೇಳಿ ಓಡಿದೆ.”

ಸ್ಟೆಲ್ಲನ್ ನಿರಾಳವಾಗಿ ಮೀಟಿಂಗಿನ ರೆಕಾರ್ಡಿಂಗ್ ಕೊಟ್ಟ. ಅದರಲ್ಲಿ ಅವನು “ಪಾಸಾ?” ಎನ್ನುತ್ತಾನೆ. ಬಾಗಿಲ ಕಡೆಯಿಂದ ಲತೀಫನ ಒಂದು ಚುಟುಕು ಸದ್ದು. “ಹೌದಂತೆ” ಎಂದು ಮಿಲ್ವಾಕಿಗೆ ತಿಳಿಸುತ್ತಾನೆ. ಉತ್ತರ ಸ್ವೀಡನ್ನಿನವರು ಚಕ್ಕನೆ ಉಸಿರು ಒಳಗೆಳೆದು ಹೌದೆನ್ನುವುದುಂಟು. ಠಾಣೆಯಲ್ಲಿ ಎಲ್ಲರ ಕಿವಿಗೂ ಅದು ಹೌದೇ.

ಇರಾ ಮೂರು ಸಲ ಕೇಳಿದಳು. ಅಯ್ಯೋ ಶಿವನೇ, ಇದು ನಾಲಿಗೆ ಲೊಚಗುಟ್ಟಿದ್ದು! ಇನ್ನೊಂದು ದೋಸೆ ಹಾಕಲಾ ಎಂದರೆ ಅಪ್ಪ ಮಾಡುವ ಸದ್ದು. ಬೇಡ, ಇಲ್ಲ, ಆಗಲ್ಲ.

ಬರೀ ಸದ್ದನ್ನು ಯಾವ ನ್ಯಾಯಾಲಯ ನಂಬೀತು? ಮಹಜರು ಬರೆದು ಕಂಪ್ಯೂಟರುಗಳನ್ನು ವಶಕ್ಕೆ ತೆಗೆದುಕೊಂಡಳು. ಲತೀಫನ ಹೆಸರಿನಲ್ಲಿ ಪಾಸ್ ದಾಖಲಾದದ್ದು ಆ ಮೀಟಿಂಗಿನ ದಿನವೇ 16.42ಕ್ಕೆ, ಸ್ಟೆಲ್ಲನ್ನನ ಕಂಪ್ಯೂಟರಿನಿಂದ. ಆ ಹೊತ್ತಿಗೆ ಲತೀಫ್ ದಾಗಿಸ್‌ನಲ್ಲಿ ಮಗಳನ್ನು ಕರೆದುಕೊಳ್ಳಲು ಸಹಿ ಹಾಕುತ್ತಿದ್ದ.

ಮಾರ್ಚ್ 14, 11.05. ಸ್ಟೆಲ್ಲನ್ನನನ್ನು ಬಂಧಿಸುವ ಮೊದಲು ಇರಾ ಕೇಳಿದಳು: “ತಪ್ಪಾಗಿ ಕೇಳಿಸಿಕೊಂಡಿರಾ?”

“ಇಲ್ಲ. ಎರಡು ವರ್ಷ ದಿನಾ ಜೊತೆಗೆ ಕಾಫಿಗೆ ಕೂತಿದ್ದೇವೆ. ಅದು ‘ಇಲ್ಲ’ ಅಂತ ನನಗೆ ಚೆನ್ನಾಗಿ ಗೊತ್ತು,” ಎಂದ ಸ್ಟೆಲ್ಲನ್.

ತೈವಾನಿನ ಆರ್ಡರ್ ತಪ್ಪಿದರೆ ಕಾರ್ಖಾನೆಗೆ ಬೀಗ ಎಂದು ಮಿಲ್ವಾಕಿಯವರು ಹೇಳಿದ್ದರು. ತೊಂಬತ್ತು ಜನರ ಅನ್ನ. ಅದನ್ನು ಉಳಿಸಲು ಒಬ್ಬ ಪರದೇಶಿಯ ಹೆಸರು ಹಾಳಾದರೆ ಆದೀತು ಎಂದುಕೊಂಡಿದ್ದ.

ಮುಂದಿನ ವಾರ ಬೀಗ ಬಿತ್ತು. ಪರವಾನಗಿಯ ನಿಯಮದಂತೆ ಹೊಸ ಕೆಲಸ ಹುಡುಕಲು ಲತೀಫನಿಗೆ ಸಿಕ್ಕಿದ್ದು ಮೂರೇ ತಿಂಗಳು. ಅವನು ಫೋನ್ ಮಾಡಿದ.

“ಮೇಡಂ, ನಂದೇನೂ ತಪ್ಪಿಲ್ಲ ಅಂತ ಒಂದು ಲೆಟರ್ ಕೊಡ್ತೀರಾ? ಇಂಟರ್‌ವ್ಯೂಗೆ ಹೋದಲ್ಲೆಲ್ಲ ಅದನ್ನೇ ಕೇಳ್ತಾರೆ.”

“ಹಾಗೆ ಬರ್ಕೊಡೋ ಫಾರ್ಮ್ ನಮ್ಮಲ್ಲಿಲ್ಲ, ಲತೀಫ್ ಅವರೇ,” ಎಂದಳು ಇರಾ. ಹೇಳುವಾಗ ಅವಳಿಗೇ ನಾಚಿಕೆಯಾಯಿತು.