ಬತ್ತೆ ಎಂದವಳು

"ನಮ್ಮ ಮೇಘಯಾನ ಏರ್‌ಲೈನ್ಸ್ ಹತ್ರ ಈಗ ಮೂವತ್ತನಾಲ್ಕು ವಿಮಾನ ಇದಾವೆ..."

ಕೊಪ್ಪದ ಸಭಾಭವನದ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಶ್ರೀರಂಜನಿ ಒಂದೇ ಕಾಲಲ್ಲಿ ನಿಂತುಬಿಟ್ಟಳು.

ಆ ದನಿ!

ಮೈಕಿನಲ್ಲಿ ಬಂದರೇನು, ಫೋನಿನಲ್ಲಿ ಬಂದರೇನು... ಎಂಟು ತಿಂಗಳು ಕೇಳಿದ ದನಿ ಮರೆತುಹೋಗುತ್ತದೆಯೇ? ಅವಳ ಎರಡೂ ಕಿವಿ ಕೆಂಪಾದವು. ಶ್ರೀರಂಜನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ, ಮಾತು ಆಮೇಲೆ ಬರುತ್ತದೆ.

"ಎಂತ ಆಯ್ತು ಅಕ್ಕ?" ಎಂದಳು ಕಾವ್ಯ. ಕಮ್ಮರಡಿಯ ಈ ಹುಡುಗಿಗೆ ಗಗನಸಖಿ ಆಗುವ ಆಸೆ. ಆ ಕೆಲಸವನ್ನು ಎರಡು ವರ್ಷ ಮಾಡಿದ್ದ ಶ್ರೀರಂಜನಿಯನ್ನು ಧೈರ್ಯಕ್ಕೆಂದು ನೇಮಕಾತಿ ಶಿಬಿರಕ್ಕೆ ಕರೆತಂದಿದ್ದಳು.

"ಎಂತ ಇಲ್ಲ. ನಡಿ, ಮುಂದಿನ ಸಾಲಲ್ಲೇ ಕೂರನ."

ವೇದಿಕೆಯ ಮೇಲಿದ್ದವನು ಯಶವಂತ. ಎನ್.ಆರ್. ಪುರದ ಕಡೆಯ ಶೆಟ್ಟಿಕೊಪ್ಪದವನು. ಇಷ್ಟು ದಿನ ಹೆಸರು ಗೊತ್ತಿತ್ತು, ದನಿ ಗೊತ್ತಿತ್ತು, ಮುಖ ಕಂಡಿದ್ದು ಇವತ್ತೇ. ನೋಡಲು ಚೆನ್ನಾಗಿಯೇ ಇದ್ದ. ಅದಕ್ಕೂ ಅವಳಿಗೆ ಸಿಟ್ಟು ಬಂತು!

"ಹಿಂದೆ ಎಕಾನಮಿ, ನಡುವೆ ಪ್ರೀಮಿಯಂ ಎಕಾನಮಿ, ಮುಂದೆ ಬಿಸಿನೆಸ್ ಕ್ಲಾಸ್. ಬಿಸಿನೆಸ್‌ನಲ್ಲಿ ಸೀಟೇ ಮಂಚ ಆಗುತ್ತೆ," ಎಂದ ಯಶವಂತ. ಹುಡುಗಿಯರು ನಕ್ಕರು. "ಯಾರಿಗಾದ್ರೂ ಪ್ರಶ್ನೆ ಇದ್ಯಾ?"

ಶ್ರೀರಂಜನಿ ಎದ್ದು ನಿಂತಳು.

"ಮೂವತ್ತನಾಲ್ಕು ವಿಮಾನದಲ್ಲಿ ಹಾರ್ತಾ ಇರೋದು ಎಷ್ಟು?"

"ಅದು... ಇಪ್ಪತ್ತಾರು."

"ಇನ್ನೆಂಟು?"

"ಸಿಬ್ಬಂದಿ ಕೊರತೆ ಇದೆ. ಅದಕ್ಕೇ ಈ ಶಿಬಿರ..."

"ಇರೋ ಸಿಬ್ಬಂದಿನ ಮನೆಗೆ ಕಳಿಸಿ, ಹೊಸಬರನ್ನ ಹುಡುಕ್ಕೊಂಡು ಬಂದ್ರಾ?"

ಯಶವಂತನ ಕೈಯಲ್ಲಿದ್ದ ಮೈಕು ಕೆಳಗಿಳಿಯಿತು. ಈ ದನಿ... ಅವನಿಗೂ ಗೊತ್ತು!

"ನೀವು... ಯಾರು ಮೇಡಂ?"

"ನೋ-ಶೋ! ಆ ಹೆಸರು ನೀವೇ ಇಟ್ಟಿದ್ದಲ್ವಾ? ನೋ-ಶೋ ಶ್ರೀರಂಜನಿ!"

ಕಾವ್ಯ ಅವಳ ದುಪ್ಪಟ ಹಿಡಿದೆಳೆದಳು. ಶ್ರೀರಂಜನಿ ಕೂರಲಿಲ್ಲ. ನೇರವಾಗಿ ಹೊರಗೆ ನಡೆದಳು.

*

ಎಂಟು ತಿಂಗಳ ಹಿಂದೆ ಹೀಗಿರಲಿಲ್ಲ.

ಯಶವಂತ ಬೆಂಗಳೂರಿನಲ್ಲಿ ಕ್ರೂ ಕಂಟ್ರೋಲ್ ಮೇಜಿನವನು. ಯಾವ ವಿಮಾನಕ್ಕೆ ಯಾವ ಗಗನಸಖಿ ಎಂದು ಹೊಂದಿಸುವುದು, ಕೊರತೆ ಬಿದ್ದರೆ ಫೋನ್ ಮಾಡಿ ಕರೆಯುವುದು ಅವನ ಕೆಲಸ. ಆ ಫೋನುಗಳೆಲ್ಲ ರೆಕಾರ್ಡ್ ಆಗುತ್ತವೆ. ಇಂಗ್ಲಿಷಿನಲ್ಲೇ ಮಾತಾಡಬೇಕೆಂಬುದು ನಿಯಮ.

ಒಂದು ಬೆಳಿಗ್ಗೆ ಅವಳು ಮರೆತು, "ಎಂತ ಮಾರಾಯ್ರೆ, ನಿನ್ನೆಯಷ್ಟೇ ಡೆಲ್ಲಿಯಿಂದ ಬಂದಿದ್ದು!" ಎಂದುಬಿಟ್ಟಿದ್ದಳು.

ಆ ಕಡೆ ಕೀಬೋರ್ಡಿನ ಟಕಟಕ ನಿಂತಿತು. ಆಮೇಲೆ, "ನೀವು ಯಾವ ಕಡೆಯವ್ರು?"

"ಶೃಂಗೇರಿ. ಬೇಗಾರ್."

"ಅಯ್ಯೋ, ನಾನು ಶೆಟ್ಟಿಕೊಪ್ಪ ಮಾರಾಯ್ತಿ!"

ಅಂದಿನಿಂದ ನಿಯಮ ಮುರಿಯಿತು. ಡ್ಯೂಟಿಯ ಮಾತು ಅರ್ಧ ನಿಮಿಷ, ಊರ ಮಾತು ಒಂದು ನಿಮಿಷ. ಒಬ್ಬರನ್ನೊಬ್ಬರು ನೋಡಿರಲಿಲ್ಲ. ಆದರೂ ಫೋನ್ ರಿಂಗಾದರೆ ಸಾಕು... ಅವಳು ಕನ್ನಡಿ ನೋಡಿಕೊಳ್ಳುತ್ತಿದ್ದಳು. ಫೋನಿನಲ್ಲಿ ಯಾರಿಗೆ ಕಾಣುತ್ತದೆ ಹೇಳಿ!

ಆಮೇಲೆ ಆ ದಿನ ಬಂತು. ಅವಳಿಗೆ ನೆಗಡಿ ಬಂದು ಕಿವಿ ಕಟ್ಟಿತ್ತು. ಕಿವಿ ಕಟ್ಟಿದವರು ಹಾರುವಂತಿಲ್ಲ, ಹಾರಿದರೆ ಕಿವಿಯ ತಮಟೆಯೇ ಹರಿಯಬಹುದು. ಯಶವಂತ ಫೋನ್ ಮಾಡಿದಾಗ ಅದನ್ನೇ ಹೇಳಿ ಡಾಕ್ಟರ ಹತ್ತಿರ ಹೋದಳು. ಸಂಜೆ ಹೊತ್ತಿಗೆ ಅಮಾನತಿನ ಪತ್ರ ಬಂತು: 'ನೋ-ಶೋ. ಡ್ಯೂಟಿ ಒಪ್ಪಿಕೊಂಡು ಹಾಜರಾಗಲಿಲ್ಲ.' ಐವತ್ತು ಸೀಟಿಗೆ ಒಬ್ಬ ಸಿಬ್ಬಂದಿ ಕಡ್ಡಾಯ. ಅವಳೊಬ್ಬಳು ಇಲ್ಲವೆಂದು ನಲವತ್ತೆಂಟು ಪ್ರಯಾಣಿಕರನ್ನು ಕೆಳಗಿಳಿಸಿದ್ದರು.

ಒಪ್ಪಿಕೊಂಡಳು ಎಂದು ನಮೂದಿಸಿದವನು ಯಶವಂತ!

'ತನ್ನ ತಪ್ಪು ಮುಚ್ಚಿಕೊಳ್ಳೋಕೆ ನನ್ನ ಬಲಿ ಕೊಟ್ಟ... ಅಷ್ಟು ಚೆಂದ ಮಾತಾಡಿ!' ಮೂರು ವಾರದಿಂದ ಬೇಗಾರಿನ ಮನೆಯಲ್ಲಿ ಅವಳು ಇದನ್ನೇ ಅರೆಯುತ್ತಿದ್ದಳು. ಸೋಮವಾರ ಹತ್ತಕ್ಕೆ ವಿಡಿಯೋದಲ್ಲಿ ವಿಚಾರಣೆ. ಅಲ್ಲಿ ಸೋತರೆ ಕೆಲಸ ಹೋಯಿತು. ಇನ್ನೊಂದು ಏರ್‌ಲೈನ್ಸ್ ಬಾಗಿಲು ತೆಗೆಯುವುದೂ ಇಲ್ಲ.

*

ಭಾನುವಾರ ಶಿಬಿರ ಶೃಂಗೇರಿಗೆ ಬಂತು. ಶ್ರೀರಂಜನಿ ಅಲ್ಲಿಗೂ ಹೋದಳು. ತನ್ನ ಊರು, ಯಾರಿಗೆ ಹೆದರಬೇಕು?

ಆದರೆ ಈ ಸಲ ಅವಳು ಬಾಗಿಲು ದಾಟುವ ಮೊದಲೇ ಯಶವಂತ ಎದುರು ಬಂದ. ಅವನ ಮುಖವೂ ಉರಿಯುತ್ತಿತ್ತು.

"ಒಳಗೆ ಬರ್ಬೇಡಿ. ಕೂಗಾಡೋದಿದ್ರೆ ಇಲ್ಲೇ ಕೂಗಾಡಿ!"

"ಹೆದ್ರಿಕೆನಾ?"

"ನನಗ್ಯಾಕೆ ಹೆದ್ರಿಕೆ? ಬರಲ್ಲ ಅಂತ ಒಂದು ಮಾತು ಹೇಳಿದ್ರೆ ಬೇರೆಯವ್ರನ್ನ ಕರೀತಿದ್ದೆ! ಅವತ್ತು ಒಂಬತ್ತು ಜನ ಕೂರೋ ಮೇಜಲ್ಲಿ ನಾವು ಮೂರೇ ಜನ. ಹದಿನಾಲ್ಕು ಗಂಟೆ ಎದ್ದಿಲ್ಲ ನಾನು. ವಿಮಾನದಿಂದ ಇಳಿಸಿದವರಲ್ಲಿ ಒಬ್ಬಮ್ಮ, ಮಗಳ ಬಾಣಂತನಕ್ಕೆ ಹೊರಟವ್ರು, ಕೌಂಟರ್ ಮುಂದೆ ನೆಲದ ಮೇಲೆ ಕೂತು ಅತ್ರು. ಅವ್ರ ಹತ್ರ ಫೋನಲ್ಲಿ ಕ್ಷಮೆ ಕೇಳಿದ್ದು ಯಾರು? ನಾನು! ಆಮೇಲೆ ಮೇಜಿಂದ ಎಬ್ಬಿಸಿ ಊರೂರು ತಿರುಗೋಕೆ ಹಾಕಿದ್ರು!"

"ಸುಳ್ಳು ಬರೆದ್ರೆ ಹಾಗೇ ಆಗ್ಬೇಕು!"

"ಸುಳ್ಳಾ? ಬತ್ತೆ, ಬರ್ತೀನಿ ಅಂತ ಹೇಳಿದ್ದು ನೀವು!"

"ನಾನು ಅಂದೇ ಇಲ್ಲ!"

ಯಶವಂತ ಜೇಬಿಗೆ ಕೈ ಹಾಕಿದ. ವಿಚಾರಣೆಗೆಂದು ಕಂಪನಿ ಕಳಿಸಿದ್ದ ರೆಕಾರ್ಡಿಂಗನ್ನು ಮೊಬೈಲಿನಲ್ಲಿ ಒತ್ತಿದ.

'ಒಬ್ರು ಕಡಿಮೆ ಇದಾರೆ ಮಾರಾಯ್ತಿ, ಬತ್ತೀರಾ?' ಅದು ಅವನ ದನಿ.

'ಕಿವಿ ಕಟ್ಟಿದೆ, ಡಾಕ್ಟ್ರ ಹತ್ರ ಹೊರಟಿದ್ದೆ. ಬತ್ತೆ.' ಅದು ಅವಳದ್ದೇ.

ಶ್ರೀರಂಜನಿ ಮೊಬೈಲನ್ನೇ ನೋಡಿದಳು. ಹೌದು... ತಾನೇ ಅಂದಿದ್ದಾಳೆ! ಯಾವಾಗ ಅಂದೆ? ಯಾಕೆ ಅಂದೆ?

"ಇಂಗ್ಲಿಷಿಗೆ ಮಾಡಿ ಸಹಿ ಹಾಕಿ ಕೊಟ್ಟಿದ್ದೂ ನಾನೇ. ಒಂದಕ್ಷರ ಆಚೀಚೆ ಮಾಡಿಲ್ಲ," ಎಂದ ಯಶವಂತ. ಅವನ ದನಿ ಈಗ ಸಿಟ್ಟಿಗಿಂತ ಹೆಚ್ಚು ನೋವಿನದ್ದಾಗಿತ್ತು. "ನಾಳೆ ವಿಚಾರಣೇಲೂ ಅದನ್ನೇ ಹೇಳ್ತೀನಿ. ಸಾಕು... ನಾ ಬರ್ತೀನಿ."

ತಿರುಗಿ ದಡದಡ ಮೆಟ್ಟಿಲಿಳಿದ. ನಾಲ್ಕು ಹೆಜ್ಜೆ ಹೋಗಿದ್ದ ಅಷ್ಟೇ.

"ನಿಲ್ರಿ!"

ಅವಳು ಕಿರುಚಿದ ರಭಸಕ್ಕೆ ಎದುರಿನ ಹೂವಿನಂಗಡಿಯ ಭೈರಮ್ಮನ ಕೈಯಲ್ಲಿದ್ದ ದಾರ ಕಡಿಯಿತು.

"ಈಗ ಎಂತ ಅಂದ್ರಿ?"

"ಎಂತ ಅಂದೆ? ಬರ್ತೀನಿ ಅಂದೆ."

"ಎಲ್ಲಿಗೆ ಬರ್ತೀರಿ? ನಮ್ಮನೆಗಾ?"

"ನಿಮ್ಮನೆಗೆ ನಾನ್ಯಾಕೆ ಬರ್ಲಿ? ಹೋಗ್ತಾ ಇದೀನಿ ಅಂತ..."

ಮಾತು ಅಲ್ಲಿಗೇ ನಿಂತಿತು.

ಮಲೆನಾಡಿನ ಯಾವ ಮನೆಯಲ್ಲಿ ಹೊರಡುವವರು 'ಹೋಗುತ್ತೇನೆ' ಅನ್ನುತ್ತಾರೆ? ಅಂದರೆ ಅಮ್ಮಂದಿರು ಬಿಡುತ್ತಾರೆಯೇ? ಅಂಗಡಿಗೆ ಹೊರಟರೂ ಬತ್ತೆ. ಬಸ್ ಹತ್ತಿದರೂ ಬತ್ತೆ. ಫೋನ್ ಇಡುವಾಗಲೂ ಬತ್ತೆ!

ಯಶವಂತ ಹಿಂದೆ ಬಂದು ಮೆಟ್ಟಿಲ ಮೇಲೆ ಕೂತ.

"ನೀವು ಫೋನ್ ಇಟ್ರಿ... ಅಷ್ಟೇ ಅಲ್ವಾ ಅದು?"

"ಎಂಟು ತಿಂಗಳು ದಿನಾ ಹಾಗೇ ಇಟ್ಟಿದೀನಿ!" ಅವಳ ಕಣ್ಣಲ್ಲಿ ನೀರು ಬಂತು, ಅದೂ ಸಿಟ್ಟಿನದ್ದೇ. "ಬೇರೆ ಊರಿನವ್ರಾದ್ರೆ ಹೋಗ್ಲಿ. ನೀವು... ನಿಮಗೂ ಗೊತ್ತಾಗ್ಲಿಲ್ವಾ?"

"ನಾಲ್ಕು ಫೋನ್ ಹೊಡ್ಕೋತಿತ್ತು. ಯಾರಾದ್ರೂ ಬರ್ತೀನಿ ಅಂದ್ರೆ ಸಾಕಿತ್ತು. ನನಗೆ ಬೇಕಾದ್ದನ್ನೇ ಕೇಳಿಸ್ಕೊಂಡುಬಿಟ್ಟೆ."

"ಹಾಗಿದ್ರೆ ನಾಳೆ ಇದನ್ನ ಹೇಳಿ."

ಯಶವಂತ ತಲೆ ತಗ್ಗಿಸಿದ. ಕನ್ನಡದಲ್ಲಿ ಮಾತಾಡಿದ್ದು ಒಂದು ತಪ್ಪು. ತಪ್ಪಾಗಿ ನಮೂದಿಸಿದ್ದು ಎರಡನೆಯದು. ತಪ್ಪು ಅನುವಾದಕ್ಕೆ ಸಹಿ ಹಾಕಿದ್ದು ಮೂರನೆಯದು. ಬಾಯಿಬಿಟ್ಟರೆ ಅವಳ ಜಾಗದಲ್ಲಿ ಅವನು!

ಆ ಮೌನ ಅವಳಿಗೆ ಅರ್ಥವಾಯಿತು. ಅಮಾನತಿನ ಪತ್ರ ಓದಿದ ದಿನವೂ ಇಷ್ಟು ನೋವಾಗಿರಲಿಲ್ಲ.

"ಹೇಳಲ್ಲ ಅಲ್ವಾ? ಆಯ್ತು. ನಾನು ಹೋಗ್ತೆ." ಒಂದೊಂದೇ ಅಕ್ಷರ ಬಿಡಿಸಿ ಮತ್ತೆ ಹೇಳಿದಳು. "ಕೇಳಿಸ್ತಾ? ಈ ಸಲ ಸರಿಯಾಗಿ ಬರ್ಕೊಳ್ಳಿ. ಹೋ-ಗ್ತೆ!"

"ಅಯ್ಯಯ್ಯೋ, ಹಾಗೆಲ್ಲ ಅನ್ಬಾರ್ದು ಮಗಾ!" ಎಂದು ಭೈರಮ್ಮ ಅಂಗಡಿಯಿಂದಲೇ ಗದರಿದಳು.

ಶ್ರೀರಂಜನಿ ತಿರುಗಿ ನೋಡಲಿಲ್ಲ.

*

ಸೋಮವಾರ ಹತ್ತು ಗಂಟೆ. ಬೇಗಾರಿನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಮಗಳ ಪಕ್ಕಕ್ಕೆ ಅಮ್ಮ ಕಾಮಾಕ್ಷಮ್ಮ ಕಾಫಿ ಇಟ್ಟು, "ಹೆದರಡ ಕೂಸೇ," ಎಂದು ಬಾಗಿಲ ಹಿಂದೆ ನಿಂತರು.

ಪರದೆಯ ಮೇಲೆ ಕೋಟು ಹಾಕಿದ ಮೂವರು ಅಧಿಕಾರಿಗಳು. ನಾಲ್ಕನೇ ಚೌಕದಲ್ಲಿ ಯಶವಂತ. ಅಂದಿನ ಶಿಬಿರ ನಡೆಯುವ ಎನ್.ಆರ್. ಪುರದ ಭವನದ ಹಿಂಬದಿ ಕೋಣೆ, ಹಿಂದೆ ಮಡಚಿಟ್ಟ ಕುರ್ಚಿಗಳ ರಾಶಿ.

ಅವಳು ಅವನ ಮುಖ ನೋಡಬಾರದೆಂದುಕೊಂಡಳು. ನೋಡಿದಳು.

ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದರು, "ಈ ಅನುವಾದ ಸರಿ ಇದೆಯೇ?"

"ಪದ ಸರಿ ಇದೆ ಸರ್. ಅರ್ಥ ತಪ್ಪು," ಎಂದ ಯಶವಂತ. "ನಮ್ಮ ಊರಲ್ಲಿ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾರೆ. ಅವರು ಫೋನ್ ಇಡುತ್ತಿದ್ದರು. ಕಿವಿ ಕಟ್ಟಿದೆ ಎಂದು ಕಾರಣವನ್ನೂ ಹೇಳಿದ್ದರು. ಕನ್ನಡದಲ್ಲಿ ಕೇಳಿದ್ದು ನಾನು, ತಪ್ಪು ತಿಳಿದಿದ್ದು ನಾನು, ಬರೆದಿದ್ದು ನಾನು. ಅವರದ್ದು ಏನೂ ತಪ್ಪಿಲ್ಲ."

ಅಧಿಕಾರಿ ಕನ್ನಡಕ ತೆಗೆದರು. "ಹಾಗಾದರೆ ನಿಮ್ಮವರು ನಿಜವಾಗಿ ಬರುವಾಗ ಏನನ್ನುತ್ತಾರೆ?"

"ಅದಕ್ಕೂ ಬರುತ್ತೇನೆ ಅಂತಲೇ ಸರ್."

"ಮತ್ತೆ ಯಾವುದು ಯಾವುದೆಂದು ಗೊತ್ತಾಗುವುದು ಹೇಗೆ?"

ಯಶವಂತ ಪರದೆಗೆ ಹತ್ತಿರ ಬಾಗಿದ.

"ಮುಖ ನೋಡಿದರೆ ಗೊತ್ತಾಗುತ್ತದೆ ಸರ್. ನಾನು ಅವರ ಮುಖ ನೋಡಿರಲಿಲ್ಲ."

ಬಾಗಿಲ ಹಿಂದೆ ಕಾಮಾಕ್ಷಮ್ಮನಿಗೆ ಇಂಗ್ಲಿಷ್ ತಿಳಿಯಲಿಲ್ಲ. ಮಗಳ ಕಿವಿ ಕೆಂಪಾಗಿದ್ದು ಮಾತ್ರ ಕಂಡಿತು.

ಹನ್ನೊಂದಕ್ಕೆ ತೀರ್ಪು ಬಂತು. ಅವಳ ಅಮಾನತು ರದ್ದು, ಗುರುವಾರದಿಂದ ಡ್ಯೂಟಿ. ಯಶವಂತನಿಗೆ ಮುಂದಿನ ಆದೇಶದವರೆಗೆ ಕೆಲಸವಿಲ್ಲ.

"ಎಲ್ಲಿಗೆ ಹೊರಟೆ ಕೂಸೇ? ಕಾಫಿ ಕುಡಿದಿದ್ದಿಲ್ಲೆ!"

"ಎನ್.ಆರ್. ಪುರಕ್ಕೆ. ಒಬ್ಬರಿಗೆ ಬೈಯೋದು ಬಾಕಿ ಇದ್ದು. ಬತ್ತೆ ಅಮ್ಮ!"

*

ಕೊಪ್ಪದಲ್ಲಿ ಬಸ್ ಬದಲಿಸಿ ಅವಳು ಎನ್.ಆರ್. ಪುರದಲ್ಲಿ ಇಳಿದಾಗ ಮೂರು ಗಂಟೆ. ಶಿಬಿರ ಮುಗಿದಿತ್ತು. ಖಾಲಿ ಭವನದಲ್ಲಿ ಯಶವಂತ ಒಬ್ಬನೇ ಕಂಪನಿಯ ಬ್ಯಾನರ್ ಸುತ್ತುತ್ತಿದ್ದ.

"ನಿನ್ನೆ ಯಾಕೆ ಸುಮ್ಮನಿದ್ರಿ?"

ಅವನು ಬೆಚ್ಚಿ ತಿರುಗಿದ.

"ನಿನ್ನೆ ರಾತ್ರಿ ಒಂದು ತುತ್ತು ಇಳೀಲಿಲ್ಲ ನಂಗೆ! ಹೇಳ್ತೀನಿ ಅಂತ ನಿನ್ನೆನೇ ಒಂದು ಮಾತು ಹೇಳಿದ್ರೆ ಎಂತ ಹೋಗ್ತಿತ್ತು ನಿಮ್ಮ ಗಂಟು?"

"ನಿನ್ನೆ ಧೈರ್ಯ ಇರ್ಲಿಲ್ಲ," ಎಂದ ಯಶವಂತ. "ನೀವು ಹೋಗ್ತೆ ಅಂದ್ರಲ್ಲ... ಅದು ಕಿವಿಯಿಂದ ಹೋಗ್ಲೇ ಇಲ್ಲ. ನಮ್ಮಮ್ಮನ ಹತ್ರ ಹೇಳ್ದೆ. ಒಂದು ಹುಡುಗಿ ಬಾಯಲ್ಲಿ ಆ ಮಾತು ಬರ್ಸಿದ್ಯಲ್ಲ ಪಾಪಿ, ಅಂತ ಬೈದ್ರು."

"ಸರಿಯಾಗೇ ಬೈದ್ರು!"

"ಹೂಂ."

"ಈಗ ಕೆಲಸ?"

"ಗೊತ್ತಿಲ್ಲ. ಎಂಟು ವಿಮಾನ ಸಿಬ್ಬಂದಿ ಇಲ್ದೆ ನಿಂತಿದಾವೆ, ಇನ್ನೊಬ್ಬನನ್ನ ಕಳ್ಕೊಳ್ಳೋಕೆ ಕಂಪನಿಗೂ ಧೈರ್ಯ ಬೇಕು. ಕರೀಬಹುದು. ಕರೀದೇ ಇದ್ರೂ... ಇವತ್ತು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ."

ಅವಳು ಬ್ಯಾನರಿನ ಇನ್ನೊಂದು ತುದಿ ಹಿಡಿದಳು. ಸಿಟ್ಟಿನಲ್ಲೇ ಎಳೆದು ಸುತ್ತಿದಳು. ಇಬ್ಬರ ಕೈಗಳೂ ನಡುವೆ ಬಂದು ನಿಂತವು.

"ನಂಗಿನ್ನೂ ಕೋಪ ಇದೆ," ಎಂದಳು.

"ಇರ್ಲಿ. ಆದ್ರೆ ಒಂದು ಮಾತು ರೆಕಾರ್ಡ್ ಇಲ್ದೆ ಹೇಳ್ಬೇಕಿತ್ತು." ಯಶವಂತನ ದನಿ ಇಳಿಯಿತು. ಅದು ಫೋನಿನಲ್ಲಿ ಕೇಳುತ್ತಿದ್ದ ಅದೇ ದನಿ. "ಎಂಟು ತಿಂಗಳು ನಿಮಗೆ ಫೋನ್ ಮಾಡೋಕೆ ನೆಪ ಹುಡುಕಿದೀನಿ. ಡ್ಯೂಟಿ ಬದಲಾಗ್ದೇ ಇದ್ರೂ ಬದಲಾಗಿದ್ಯಾ ನೋಡ್ತೀನಿ ಅಂತ ಮಾಡಿದೀನಿ. ನೀವಂದ್ರೆ ನಂಗೆ ಇಷ್ಟ. ಬಹಳ."

"ಅಷ್ಟು ಇಷ್ಟ ಇದ್ದವ್ರು ನೋ-ಶೋ ಅಂತ ಬರೀತಾರಾ?"

"ನೀವು ಬರ್ತೀರಿ ಅಂತ ಕಾದು ಕಾದು, ಬರದೇ ಇದ್ದಾಗ... ಸಿಟ್ಟಲ್ಲಿ ಬರೆದೆ ಮಾರಾಯ್ತಿ!"

ಅವಳಿಗೆ ನಗು ಬಂತು. ತಡೆದುಕೊಂಡಳು. ಕಣ್ಣು ಮಾತ್ರ ತುಂಬಿಬಿಟ್ಟಿತು.

"ನಾನೂ ಕಾದಿದ್ದೆ," ಎಂದಳು ಮೆಲ್ಲಗೆ. "ಅಮಾನತು ಆದ ಮೇಲೆ ಮೂರು ವಾರ... ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಅದಕ್ಕೇ. ಆ ಫೋನ್ ಬರ್ಲೇ ಇಲ್ಲ."

ಹೊರಗೆ ಕೊಪ್ಪದ ಬಸ್ ಹಾರ್ನ್ ಹೊಡೆಯಿತು. ಅವಳು ಕೈ ಬಿಡಿಸಿಕೊಂಡು ಬಾಗಿಲವರೆಗೆ ಹೋದಳು. ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಬತ್ತೆ."

ಯಶವಂತ ಬ್ಯಾನರ್ ಕೆಳಗಿಟ್ಟ. "ಇದು ಯಾವ ಬತ್ತೆ?"

"ಈ ಸಲ ಎದುರಿಗೇ ಇದೀನಲ್ಲ," ಎಂದಳು ಶ್ರೀರಂಜನಿ. "ಮುಖ ನೋಡಿ ಹೇಳಿ."

ಅವನು ನೋಡಿದ. ಬಸ್ ಇನ್ನೊಂದು ಸಲ ಹಾರ್ನ್ ಹೊಡೆದರೂ ನೋಡುತ್ತಲೇ ಇದ್ದ. ಅವಳ ಕಿವಿ ಎರಡೂ ಕೆಂಪಾಗಿದ್ದವು. ಸಿಟ್ಟು ಮಾತ್ರ ಎಲ್ಲೂ ಇರಲಿಲ್ಲ.

"ಬರೋದು," ಎಂದ.

"ಹಾಗಂತ ಬರ್ಕೊಳ್ಳಿ."